ಅಪ್ಪ ಅಮ್ಮನ ಕರ್ಕೊಂಡು ಹಿಮಾಲಯದ ಕಡೆ ಹೋಗ್ಲಿಕ್ಕೆ ಯಾವ ಊರು ಒಳ್ಳೇದು? ಕಾಸರಗೋಡಿಂದ ರೈಲಲ್ಲಿ

ನೀರ್ಚಾಲಿನವ:
ಎಲ್ರಿಗೂ ನಮಸ್ಕಾರ. ಈ ಸಲ ಬೇಸಗೆ ರಜೆಯಲ್ಲಿ ಮನೆಯವರೆಲ್ಲ ಸೇರಿ ಹಿಮಾಲಯದ ಕಡೆ ಯಾವುದಾದ್ರೂ ತಂಪು ಊರಿಗೆ ಹೋಗುವ ಅಂತ ಮಾತಾಗಿದೆ. ಅಪ್ಪನಿಗೆ ಎಪ್ಪತ್ತು ದಾಟಿದೆ, ಅಮ್ಮನಿಗೆ ಮೊಣಗಂಟು ನೋವು, ಮಕ್ಕಳಿಬ್ರು ಶಾಲೆಗೆ ಹೋಗುವವ್ರು. ಅಪ್ಪ ತೋಟ ಬಿಟ್ಟು ದೂರ ಹೋದವರೇ ಅಲ್ಲ, ಹೋದ್ರೆ ಧರ್ಮಸ್ಥಳ ಸುಬ್ರಹ್ಮಣ್ಯ ಅಷ್ಟೆ, ಈಗ ಅವರೇ ಬಾಯಿಬಿಟ್ಟು ಒಮ್ಮೆ ಹಿಮದ ಬೆಟ್ಟ ಕಣ್ಣಲ್ಲಿ ನೋಡ್ಬೇಕು ಅಂದಿದ್ದಾರೆ, ಹಾಗಾಗಿ ಹೇಗಾದ್ರೂ ಮಾಡಿ ಕರ್ಕೊಂಡು ಹೋಗ್ಲೇಬೇಕು ನಂಗೆ. ತೋಟಕ್ಕೆ ನೀರು ಬಿಡ್ಲಿಕ್ಕೆ ಭಾವ ಬಂದು ನಿಲ್ತೇನೆ ಅಂದಿದ್ದಾರೆ, ಆದ್ರೆ ಮಳೆ ಹಿಡಿಯುವ ಮೊದಲು ಅಡಿಕೆಗೆ ಮದ್ದು ಬಿಡುವಾಗ ನಾನು ಊರಲ್ಲಿ ಇರ್ಬೇಕು, ಮೇ ಕೊನೆವರೆಗೆ ಎಳೆಯುವ ಹಾಗಿಲ್ಲ. ಟ್ರಾವೆಲ್ಸಿನವ್ರು ಶಿಮ್ಲಾ ಮನಾಲಿ ಪ್ಯಾಕೇಜ್ ಹೇಳ್ತಾರೆ, ಮನಾಲಿ ಮೇಲಿನ ರೋಹ್ತಾಂಗ್ ಘಾಟಿ ಸೇರಿಸಿ. ಅಪ್ಪನಿಗೆ ವಿಮಾನ ಬೇಡ, ರೈಲೇ ಆಗ್ಬೇಕು. ಯಾವ ಊರು, ಯಾವಾಗ, ಊಟದ ಕಥೆ ಎಂತ, ಹೋಗಿ ಬಂದವರು ಹೇಳಿ.

ಮಂಜೇಶ್ವರ ರೈಲುಪ್ರೇಮಿ:
ರೈಲಿನದ್ದು ತಲೆಬಿಸಿ ಇಲ್ಲ ಮಾರಾಯ್ರೆ, ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್ ಕಾಸರಗೋಡಲ್ಲೇ ನಿಲ್ತದೆ, ಹತ್ತಿದ್ರೆ ಎರಡು ರಾತ್ರಿ ಕಳೆದು ಸೀದಾ ದೆಹಲಿ ನಿಜಾಮುದ್ದೀನ್. ಮಳೆಗಾಲಕ್ಕೆ ಕೊಂಕಣ ರೈಲಿನ ಟೈಮಿಂಗ್ ಬದಲಾಗ್ತದೆ, ನಿಮಗೆ ಅದು ಬಾಧಕ ಇಲ್ಲ. ಬುಕಿಂಗ್ ಈಗ 60 ದಿನ ಮೊದಲು ಮಾತ್ರ ಓಪನ್ ಆಗುದು, ಮೊದಲಿನ ಹಾಗೆ 120 ಅಲ್ಲ. ಅಪ್ಪ ಅಮ್ಮನಿಗೆ ಲೋವರ್ ಬರ್ತ್ ಕೋಟಾದಲ್ಲಿ ಬೇರೆಯೇ ಟಿಕೆಟ್ ಮಾಡಿ, ಎಲ್ಲರದ್ದೂ ಒಂದೇ ಟಿಕೆಟಲ್ಲಿ ಹಾಕಿದ್ರೆ ಆ ಕೋಟಾ ಸಿಗುದಿಲ್ಲ.
ಈಗ ಮುಖ್ಯ ಮಾತು. ರೋಹ್ತಾಂಗ್ ಬಿಡಿ. ಅದು 3978 ಮೀಟರ್, ಮನಾಲಿಯ ಹೆಚ್ಚುಕಮ್ಮಿ ಎರಡು ಪಟ್ಟು ಎತ್ತರ, ಬೆಳಗ್ಗೆ ಹತ್ತಿ ಸಂಜೆ ಇಳಿಯುವಾಗ ಗಟ್ಟಿ ಹುಡುಗರಿಗೇ ತಲೆನೋವು ವಾಂತಿ ಬರುದುಂಟು, ಎಪ್ಪತ್ತು ದಾಟಿದವರನ್ನು ಅಲ್ಲಿಗೆ ಹತ್ತಿಸುದು ಸರಿಯಲ್ಲ. ಏಪ್ರಿಲಲ್ಲಿ ಹೋದ್ರೆ ಸಾಮಾನ್ಯವಾಗಿ ಅದು ಹಿಮ ಬಿದ್ದು ಮುಚ್ಚಿಯೇ ಇರ್ತದೆ, ಪ್ಯಾಕೇಜಿನವ್ರು ಅದನ್ನು ಹೇಳುದಿಲ್ಲ.

ಬದಿಯಡ್ಕ ಅಕ್ಕ:
ನಮಗೆ ಶಿಮ್ಲಾ ತುಂಬಾ ಇಷ್ಟ ಆಯ್ತು, ನಾನು ಅದನ್ನೇ ಹೇಳುದು. ಕಾಲ್ಕಾದಿಂದ ಆ ಸಣ್ಣ ರೈಲು ಉಂಟಲ್ಲ, 96 ಕಿಲೋಮೀಟರ್, 1903ರದ್ದು, ಸುರಂಗಗಳೇ ನೂರರ ಮೇಲೆ, ಮಕ್ಕಳು ಪ್ರತಿ ಸುರಂಗಕ್ಕೂ ಕೂಗಿ ಕೂಗಿ ಗಂಟಲು ಕೂತಿತ್ತು. ಬಡೋಗ್ ಅಂತ ಒಂದು ಸ್ಟೇಷನ್, ಉದ್ದದ ಸುರಂಗ ದಾಟಿದ ಕೂಡ್ಲೇ, ಅಲ್ಲಿ ಇಳಿದು ಬಿಸಿ ಚಾ ಕುಡಿದದ್ದು ಈಗ್ಲೂ ನೆನಪು. ಆದ್ರೆ ಅಮ್ಮನಿಗೆ ಗಂಟುನೋವು ಅಂದ್ರಿ, ಆ ಊರಿಡೀ ಮೆಟ್ಟಿಲು ಮತ್ತು ಏರು. ಮಾಲ್ ರೋಡಿಗೆ ವಾಹನ ಬಿಡುದಿಲ್ಲ, ಕೆಳಗಿನ ರಸ್ತೆಯಿಂದ ಲಿಫ್ಟ್ ಉಂಟು, ಹೋಟೆಲ್ ಬುಕ್ ಮಾಡುವಾಗ ಲಿಫ್ಟಿನಿಂದ ಎಷ್ಟು ನಡೀಬೇಕು ಅಂತ ಮೊದಲೇ ಫೋನ್ ಮಾಡಿ ಕೇಳಿ.

ಪೆರ್ಲ ಮಾಷ್ಟ್ರು:
ಶಿಮ್ಲಾ ಚಂದದ ಊರೇ, ಆದ್ರೆ ಇವರ ಮನೆಯವರಿಗೆ ನಾನು ಉತ್ತರಾಖಂಡದ ಕುಮಾವೂ ಗುಡ್ಡದ ಕಡೆ ಹೇಳ್ತೇನೆ. ಒಂದೇ ಕಡೆ ಕೂತು ನೋಡುವ ಜಾಗ ಅದು, ದಿನಾ ಪೆಟ್ಟಿಗೆ ಕಟ್ಟುವ ಪ್ಯಾಕೇಜ್ ವಯಸ್ಸಾದವರಿಗೆ ಶಿಕ್ಷೆ.
ದೆಹಲಿಯಿಂದ ಕಾಠಗೋದಾಮಿಗೆ ರೈಲುಂಟು. ಅಲ್ಲಿಂದ ನೈನಿತಾಲ್ 35 ಕಿಲೋಮೀಟರ್, ಸರೋವರದ ಬದಿಯ ರಸ್ತೆ ಸಮತಟ್ಟು, ಅಮ್ಮ ಆರಾಮಲ್ಲಿ ನಡೀಬಹುದು. ಅದು ಒಂದು ದಿನಕ್ಕೆ ಸಾಕು, ಗಲಾಟೆ ಜಾಸ್ತಿ. ಮತ್ತೆ ಅಲ್ಮೋಡ ದಾಟಿ ಕೌಸಾನಿಗೆ ಹೋಗಿ, ಅಲ್ಲೇ ಉಳಿದುಕೊಳ್ಳಿ. 1929ರಲ್ಲಿ ಗಾಂಧೀಜಿ ಉಳಿದಿದ್ದ ಜಾಗ ಈಗ ಅನಾಸಕ್ತಿ ಆಶ್ರಮ, ಅದರ ಅಂಗಳದಲ್ಲಿ ನಿಂತ್ರೆ ತ್ರಿಶೂಲ, ನಂದಾದೇವಿ ಸಾಲಾಗಿ ಎದುರಿಗೇ. ಅಪ್ಪ ಕೇಳಿದ್ದು ಇದೇ ಅಲ್ವಾ, ಕುರ್ಚಿ ಹಾಕಿ ಕೂತು ನೋಡಬಹುದು, ಹತ್ತಬೇಕು ಅಂತಿಲ್ಲ. ಅಲ್ಮೋಡದ ಹತ್ರ ಜಾಗೇಶ್ವರ ಬಿಡಬೇಡಿ, ದೇವದಾರು ಕಾಡಿನ ನಡುವೆ ನೂರಕ್ಕೂ ಮಿಕ್ಕಿ ಕಲ್ಲಿನ ಗುಡಿಗಳು, ರಸ್ತೆ ಪಕ್ಕದಲ್ಲೇ.
ಇನ್ನೊಂದು, ಅಪ್ಪನಿಗೆ ಖಂಡಿತ ತೋರಿಸಬೇಕಾದ್ದು, ಅಲ್ಲಿಯ ನೌಲಾ. ಹೊರಗಿಂದ ನೋಡಿದ್ರೆ ತಗ್ಗು ಮಾಡಿನ ಸಣ್ಣ ಕಲ್ಲು ಗುಡಿ, ಬಗ್ಗಿ ಒಳಗೆ ನೋಡಿದ್ರೆ ಮೆಟ್ಟಿಲು ಮೆಟ್ಟಿಲಾಗಿ ಕೆಳಗೆ ಕಿರಿದಾಗುವ ಚೌಕ ಹೊಂಡ, ಗುಡ್ಡದ ಒರತೆ ಕಲ್ಲಿನ ಸಂದಿಯಲ್ಲಿ ಜಿನುಗಿ ತುಂಬುದು, ಎಷ್ಟೋ ಕಡೆ ಒಳಗೋಡೆಯಲ್ಲಿ ವಿಷ್ಣುವಿನ ವಿಗ್ರಹ. ನಮ್ಮಲ್ಲಿ ಮುರಕಲ್ಲು ಗುಡ್ಡ ಕೊರೆದು ಸುರಂಗ ಮಾಡಿ ನೀರು ತಂದವರಿಗೆ ಅದರ ಬೆಲೆ ಬೇರೆ ಯಾರೂ ಹೇಳಿಕೊಡ್ಬೇಕಾಗಿಲ್ಲ. ಬೇಸಗೆಯಲ್ಲಿ ಅಲ್ಲಿಯ ಒರತೆಗಳೂ ಬತ್ತುತ್ತಾ ಬಂದಿವೆ. 2018ರ ಬೇಸಗೆಯಲ್ಲಿ ಶಿಮ್ಲಾದಲ್ಲಿ ಜನ ಟ್ಯಾಂಕರಿಗೆ ಕ್ಯೂ ನಿಂತದ್ದು ನೆನಪಿರಬಹುದು, ಪ್ರವಾಸಿಗಳು ಈಗ ಬರಬೇಡಿ ಅಂತ ಅಲ್ಲಿಯವರೇ ಹೇಳುವ ಸ್ಥಿತಿ ಬಂದಿತ್ತು. ಹಾಗಾಗಿ ಹೋದಲ್ಲಿ ಬಕೆಟ್ ನೀರಲ್ಲೇ ಸ್ನಾನ ಮಾಡಿ, ಮಕ್ಕಳಿಗೂ ಹೇಳಿ. ಈಜುಕೊಳ ಇರುವ ರೆಸಾರ್ಟ್ ಯಾರು ತೋರಿಸಿದ್ರೂ ಬೇಡ ಅನ್ನಿ.

ನೀರ್ಚಾಲಿನವ:
ಮಾಷ್ಟ್ರೆ, ಭಾರಿ ಉಪಕಾರ ಆಯ್ತು. ನಮ್ಮ ಮನೆಗೂ ಸುರಂಗದ್ದೇ ನೀರು, ಅಪ್ಪನಿಗೆ ನೌಲಾದ ವಿಷಯ ಓದಿ ಹೇಳಿದೆ, ಈಗಲೇ ಹೊರಡುವ ಉಮೇದು ಅವರಿಗೆ. ಏಪ್ರಿಲಾ ಮೇಯಾ? ಹಿಮದ ಸಾಲು ಗ್ಯಾರಂಟಿ ಕಾಣ್ತದಾ? ಮತ್ತೆ ಅಪ್ಪನಿಗೆ ಕುಚ್ಚಿಲಕ್ಕಿ ಗಂಜಿ ಇಲ್ಲದ್ರೆ ಆಗುದಿಲ್ಲ.

ಪೆರ್ಲ ಮಾಷ್ಟ್ರು:
ಏಪ್ರಿಲ್, ಹೆಚ್ಚೆಂದ್ರೆ ಮೇ ಮೊದಲ ವಾರ. ನಮ್ಮ ಕೇರಳದ ಶಾಲೆಗಳಿಗೆ ಮಾರ್ಚ್ ಮುಗಿಯುವಾಗ್ಲೇ ರಜೆ, ದೆಹಲಿ ಉತ್ತರಪ್ರದೇಶದ ಮಕ್ಕಳಿಗೆ ಮೇ ಮಧ್ಯದ ನಂತರ, ಆ ಮೇಲೆ ಗುಡ್ಡಕ್ಕೆ ಹತ್ತುವ ರಸ್ತೆಯಲ್ಲಿ ಕಾರೇ ಕಾರು. ವಿಷು ಕಣಿ ಇಟ್ಟು, ಊಟ ಮುಗಿಸಿ ಹೊರಡಿ, ಸರಿಯಾಗ್ತದೆ. ಏಪ್ರಿಲಲ್ಲಿ ಬುರಾಂಶ್ ಹೂ ಕೆಂಪಾಗಿ ಬಿಟ್ಟಿರ್ತದೆ, ಅದರ ಶರಬತ್ತು ಎಲ್ಲಾ ಅಂಗಡಿಯಲ್ಲೂ ಸಿಗ್ತದೆ.
ಗ್ಯಾರಂಟಿ ಅಂತ ಯಾರೂ ಹೇಳ್ಲಿಕ್ಕಾಗುದಿಲ್ಲ. ಬೇಸಗೆ ಏರಿದ ಹಾಗೆ ಮಬ್ಬು ಜಾಸ್ತಿ, ಪೈನ್ ಮರದ ಒಣ ಎಲೆಗೆ ಬೆಂಕಿ ಹಿಡಿದು ಕಾಡ್ಗಿಚ್ಚು ಎದ್ದರೆ ಹೊಗೆಯಲ್ಲಿ ಎಂತದ್ದೂ ಕಾಣುದಿಲ್ಲ. ಅದಕ್ಕೇ ಕೌಸಾನಿಯಲ್ಲಿ ಮೂರ್ನಾಲ್ಕು ರಾತ್ರಿ ಇಟ್ಟುಕೊಳ್ಳಿ, ಒಂದು ಮಳೆ ಬಿದ್ದ ಮರುದಿನ ಬೆಳಗ್ಗೆ ಐದಕ್ಕೆ ಎಬ್ಬಿಸಿ.

ಬದಿಯಡ್ಕ ಅಕ್ಕ:
ಗಂಜಿಗೆ ನಾನು ಹೇಳ್ತೇನೆ. ಅಲ್ಲಿ ಎಲ್ಲಾ ಬೆಳ್ತಿಗೆ ಅಕ್ಕಿ, ಅಡುಗೆಗೆ ಸಾಸಿವೆ ಎಣ್ಣೆ, ಆ ವಾಸನೆ ನಮ್ಮ ಹಿರಿಯರಿಗೆ ಹಿಡಿಸುದಿಲ್ಲ. ಕುಚ್ಚಿಲಕ್ಕಿ ಎರಡು ಕಿಲೋ, ಸಣ್ಣ ಕುಕ್ಕರ್, ಮಿಡಿ ಉಪ್ಪಿನಕಾಯಿ, ಹುಣಸೆಹುಳಿ ಹಾಕಿದ ಚಟ್ನಿಹುಡಿ ಇಷ್ಟು ಕಟ್ಟಿಕೊಳ್ಳಿ. ಹೋಮ್‌ಸ್ಟೇಯಲ್ಲಿ ಅಡುಗೆಮನೆ ಬಳಸಲಿಕ್ಕೆ ಬಿಡ್ತಾರಾ ಅಂತ ಬುಕಿಂಗ್ ಮೊದಲೇ ಕೇಳಿ. ಸ್ವೆಟರ್ ಇಲ್ಲಿಂದ ತಗೊಳ್ಬೇಡಿ, ನಮ್ಮಲ್ಲಿ ಸಿಗುದು ಅಲ್ಲಿಯ ರಾತ್ರಿಗೆ ಸಾಲುದಿಲ್ಲ, ಅಲ್ಮೋಡದಲ್ಲೇ ಉಣ್ಣೆಯದ್ದು ಸಿಗ್ತದೆ. ಮತ್ತೆ ಅಮ್ಮನಿಗೆ ಕಾರಲ್ಲಿ ಮುಂದಿನ ಸೀಟು ಕೊಡಿ, ಆ ತಿರುವುಗಳು ಚಾರ್ಮಾಡಿಗಿಂತ ಉದ್ದಕ್ಕೆ ಉಂಟು.