ಮತದಾರರ ಪಟ್ಟಿ ವಿಚಾರ: ಭಾನುವಾರ 10ಕ್ಕೆ ಪಾರ್ಕಿನ ಹತ್ತಿರ ಸೇರೋಣವೇ?

ಅಡ್ಮಿನ್ (2ನೇ ಕ್ರಾಸ್): ಎಲ್ಲರಿಗೂ ನಮಸ್ಕಾರ. ಚರಂಡಿ ಹೂಳು ತೆಗೆಸುವ ವಿಷಯಕ್ಕೆ ನಿನ್ನೆ ನಾಲ್ಕು ಜನ ಓಡಾಡಿದೆವು. ದಾರಿಯಲ್ಲಿ ಸಿಕ್ಕ ಒಬ್ಬ ಪಕ್ಷದ ಕಾರ್ಯಕರ್ತರು ನಗುತ್ತಲೇ ಹೇಳಿದರು: "ನಿಮ್ಮ ಬೂತಲ್ಲಿ ಅರ್ಧ ಜನ ಬರೋದೇ ಇಲ್ಲ. ಬರೋರು ಯಾರಿಗೆ ಹಾಕ್ತಾರೆ ಅಂತ ಎಲ್ಲರಿಗೂ ಗೊತ್ತು. ನಿಮ್ಮ ಹಿಂದೆ ಯಾರು ಬರ್ತಾರೆ ಸಾರ್?" ಬೇಜಾರಾಯಿತು. ಸುಳ್ಳು ಅನ್ನೋಕೂ ಆಗಲಿಲ್ಲ. ಪಟ್ಟಿ ಸರಿ ಮಾಡಿಸುವ ಕೆಲಸವನ್ನು ಈ ಗುಂಪಿನಿಂದಲೇ ಶುರು ಮಾಡೋಣವೇ? ಒಂದೇ ಷರತ್ತು. ಯಾವ ಪಕ್ಷ ಒಳ್ಳೆಯದು ಅನ್ನುವ ಮಾತು ಬೇಡ. ಹೋದ ಸಲ ಆ ಜಗಳಕ್ಕೆ ಆರು ಜನ ಗುಂಪು ಬಿಟ್ಟರು. ಟ್ಯಾಂಕರ್‌ನವನ ನಂಬರ್ ಇದ್ದದ್ದು ಅವರಲ್ಲೊಬ್ಬರ ಹತ್ತಿರ!

ಮಹಡಿ ಮನೆ (1ನೇ ಕ್ರಾಸ್): ಯಾರಿಗೆ ಹಾಕ್ತೀವಿ ಅಂತ ಅವರಿಗೆ ಹೇಗೆ ಗೊತ್ತು? ಓಟು ಗುಟ್ಟಲ್ವಾ?

ಮೇಷ್ಟ್ರು (4ನೇ ಕ್ರಾಸ್): ನಿಮ್ಮೊಬ್ಬರ ಓಟು ಗುಟ್ಟು. ಬೂತಿನದ್ದಲ್ಲ. ಎಣಿಕೆ ಆದ ಮೇಲೆ ನಮೂನೆ 20 ಅಂತ ಒಂದು ಲೆಕ್ಕ ಬರುತ್ತದೆ. ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಬಿತ್ತು ಅಂತ ಸಾಲು ಸಾಲಾಗಿ ಇರುತ್ತದೆ. ಯಾರು ಬೇಕಾದರೂ ನೋಡಬಹುದು. ಪಕ್ಷದವರು ಅದನ್ನು ಪಂಚಾಂಗದ ಹಾಗೆ ಓದುತ್ತಾರೆ. ನಾವು ಓದುವುದಿಲ್ಲ, ಅಷ್ಟೇ.

ಮಹಡಿ ಮನೆ: ಹಾಗಾದರೆ ನಾನು ಹೋಗಿ ಏನು ಬದಲಾಗುತ್ತೆ ಸರ್? ಗೆಲ್ಲೋರು ಗೆಲ್ಲುತ್ತಾರೆ.

ಮೇಷ್ಟ್ರು: ಜಯನಗರದವರೂ ಹಾಗೇ ಅಂದುಕೊಂಡಿದ್ದರೇನೋ. 2023ರ ವಿಧಾನಸಭೆ ಚುನಾವಣೆಯಲ್ಲಿ ಅಲ್ಲಿ ಮರು ಎಣಿಕೆ ಆಗಿ, ರಾತ್ರಿಯವರೆಗೂ ಗಲಾಟೆ ನಡೆದು, ಕೊನೆಗೆ ಸಿ.ಕೆ. ರಾಮಮೂರ್ತಿ ಗೆದ್ದದ್ದು 16 ಓಟಿಗೆ. ಹದಿನಾರು! ನಮ್ಮ ಒಂದು ಅಪಾರ್ಟ್‌ಮೆಂಟಿನ ಎರಡು ಮಹಡಿ. ಸೋತ ಸೌಮ್ಯಾ ರೆಡ್ಡಿಯವರೇ ಮರುವರ್ಷ ಬೆಂಗಳೂರು ದಕ್ಷಿಣದಿಂದ ಲೋಕಸಭೆಗೆ ನಿಂತರು. ಆ ಕ್ಷೇತ್ರದೊಳಗೇ ಜಯನಗರವೂ ಬರುತ್ತದೆ. ಆಗ ಸೋಲು 2.77 ಲಕ್ಷ ಓಟಿನಿಂದ. ಜನ ವಿಧಾನಸಭೆಗೆ ಒಂದು ಥರ, ಲೋಕಸಭೆಗೆ ಇನ್ನೊಂದು ಥರ ಹಾಕುತ್ತಾರೆ. 2023ರಲ್ಲಿ ರಾಜ್ಯದಲ್ಲಿ ಕಾಂಗ್ರೆಸ್ಸಿಗೆ 135 ಸೀಟು, 2024ರಲ್ಲಿ ಲೋಕಸಭೆಗೆ 28ರಲ್ಲಿ 9. ಆದ್ದರಿಂದ "ಇದು ಅವರ ಏರಿಯಾ" ಅನ್ನುವುದೆಲ್ಲ ಅರ್ಧ ಸತ್ಯ.

ಇನ್ನೂ ಹಳೆಯದು ಬೇಕಾದರೆ 2004ರ ಸಂತೇಮರಹಳ್ಳಿ. ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಓಟಿಗೆ.

ಅಡ್ಮಿನ್: ಮೇಷ್ಟ್ರೇ, ಪಕ್ಷದ ಹೆಸರು ಬಂತು 😀

ಮೇಷ್ಟ್ರು: ಅದು ಇತಿಹಾಸ, ಪ್ರಚಾರ ಅಲ್ಲ.

ಔಷಧಿ ಅಂಗಡಿ: ಜನ ಓಟಿಗೆ ಬರದಿರೋಕೆ ನನ್ನ ಪ್ರಕಾರ ರಜೆಯೇ ಕಾರಣ. 2024ರಲ್ಲಿ ಮತದಾನದ ದಿನ ಏಪ್ರಿಲ್ 26, ಶುಕ್ರವಾರ ಬಂತು. ಹಿಂದಿನ ರಾತ್ರಿಯೇ ನಮ್ಮ ಬೀದಿಯ ಕಾರುಗಳೆಲ್ಲ ಖಾಲಿ. ಬೆಂಗಳೂರು ದಕ್ಷಿಣದಲ್ಲಿ ಮತದಾನ ಶೇ 53 ಆಸುಪಾಸು. ಅದೇ ದಿನ ಮಂಡ್ಯದಲ್ಲಿ ಶೇ 81 ದಾಟಿತು. ನೃಪತುಂಗ ರಸ್ತೆಯ ಒಂದು ಹೋಟೆಲಿನವರು ಬೆರಳಿನ ಶಾಯಿ ತೋರಿಸಿದರೆ ದೋಸೆ ಪುಕ್ಕಟೆ ಕೊಟ್ಟರೂ ನಮ್ಮ ಊರು ಏಳಲಿಲ್ಲ.

ಅಡ್ಮಿನ್: ರಜೆ ಒಂದೇ ಅಂತ ಹೇಳೋಕಾಗಲ್ಲ. 2023ರಲ್ಲಿ ಬೇಕೆಂದೇ ಬುಧವಾರ ಇಟ್ಟಿದ್ದರು, ಮೇ 10. ಯಾರಿಗೂ ಉದ್ದನೆಯ ರಜೆ ಸಿಗದಿರಲಿ ಅಂತ. ರಾಜ್ಯದಲ್ಲಿ ಶೇ 73 ಆಯಿತು. ಬೆಂಗಳೂರು ಮಾತ್ರ ಆಗಲೂ 55ರ ಆಚೀಚೆಯೇ.

ಮೂಲೆಮನೆ ಸುಮಾ ಆಂಟಿ: ನಾನೊಂದು ಹೇಳಲಾ? ನಮ್ಮ ಮಾವನವರು ತೀರಿಕೊಂಡು ಎಂಟು ವರ್ಷ ಆಯಿತು. ಅವರ ಹೆಸರು ಪಟ್ಟಿಯಲ್ಲಿ ಈಗಲೂ ಇದೆ. ಬದುಕಿರುವ ನನ್ನ ಹೆಸರಿಲ್ಲ! ಹೋದ ಸಲ ಸಾಲಲ್ಲಿ ನಿಂತು, ವಾಪಸ್ ಬಂದು, ಅನ್ನಕ್ಕಿಟ್ಟೆ.

ಮೇಷ್ಟ್ರು: ಮುಖ್ಯ ವಿಷಯ ಇದೇ ಕಣಮ್ಮ. ಶೇಕಡಾ ಲೆಕ್ಕ ಹಾಕುವುದು ಪಟ್ಟಿಯಲ್ಲಿರುವ ಹೆಸರಿನ ಮೇಲೆ. ತೀರಿಕೊಂಡವರು, ಮನೆ ಬಿಟ್ಟು ಹೋದವರು, ಮದುವೆಯಾಗಿ ಹೋದ ಹೆಣ್ಣುಮಕ್ಕಳು, ಎಲ್ಲರೂ ಅದರಲ್ಲಿ ಇದ್ದರೆ ನಾವು ಎಷ್ಟೇ ಹೋದರೂ ಸಂಖ್ಯೆ ಏರುವುದಿಲ್ಲ. ಸೋಮಾರಿಗಳು ಇಲ್ಲ ಅಂತ ಅಲ್ಲ. ಬೇಕಾದಷ್ಟು ಇದ್ದಾರೆ. ಆದರೆ ಎಷ್ಟು ಸೋಮಾರಿತನ, ಎಷ್ಟು ಪಟ್ಟಿಯ ತಪ್ಪು ಅಂತ ಗೊತ್ತಾಗಬೇಕಾದರೆ ಮೊದಲು ಪಟ್ಟಿ ಸರಿಯಾಗಬೇಕು.

ಬಾಡಿಗೆ ಮನೆ (3ನೇ ಕ್ರಾಸ್): ನನ್ನ ಓಟು ಹಾವೇರಿಯಲ್ಲಿದೆ. ಇಲ್ಲಿಗೆ ಬಂದು ಐದು ವರ್ಷ. ಇಲ್ಲಿ ಹಾಕಿಸೋಣ ಅಂದರೆ ಓನರ್ ಬಾಡಿಗೆ ಕರಾರು ರಿಜಿಸ್ಟರ್ ಮಾಡಿಸೋಕೆ ಒಪ್ಪಲ್ಲ. ಅವರಿಗೇನೋ ಭಯ.

ಅಡ್ಮಿನ್: ಓನರ್‌ಗಳು ಇದನ್ನು ಓದಲಿ. ಬಾಡಿಗೆಯವರಿಗೆ ಓಟು ಬಂದರೆ ಮನೆಯೇನೂ ಅವರದಾಗಲ್ಲ. ನಾನೂ ಓನರೇ. ಕರಾರು ಇಲ್ಲದಿದ್ದರೂ ಈ ವಿಳಾಸದ ಆಧಾರ್ ಅಥವಾ ಬ್ಯಾಂಕ್ ಪಾಸ್‌ಬುಕ್ ಇದ್ದರೆ ತನ್ನಿ.

ಬಾಡಿಗೆ ಮನೆ: ಪಾಸ್‌ಬುಕ್ ಇದೆ. ಊರಿನ ಹೆಸರು ತೆಗೆಸಿದರೆ ಅಪ್ಪ ಬೇಜಾರು ಮಾಡಿಕೊಳ್ಳುತ್ತಾರೆ, ಅದೊಂದು.

ಮೇಷ್ಟ್ರು: ಅದು ನಿಮ್ಮ ಇಷ್ಟ. ಎರಡು ಕಡೆ ಮಾತ್ರ ಇರುವಂತಿಲ್ಲ. ಇಲ್ಲಿಗೆ ತರುವುದಾದರೆ ನಮೂನೆ 8. ಸುಮಾ, ನಿಮ್ಮ ಹೆಸರು ಸೇರಿಸಲು ನಮೂನೆ 6. ಮಾವನವರ ಹೆಸರು ತೆಗೆಸಲು 7. ಹದಿನೆಂಟು ತುಂಬಿದ ಮಕ್ಕಳಿದ್ದರೆ ಕರೆತನ್ನಿ. ಮೊದಲಿನ ಹಾಗೆ ಜನವರಿ 1 ಒಂದೇ ಲೆಕ್ಕವಲ್ಲ. ಈಗ ಏಪ್ರಿಲ್, ಜುಲೈ, ಅಕ್ಟೋಬರ್ 1ನೇ ತಾರೀಖಿಗೂ ಲೆಕ್ಕ ಹಿಡಿಯುತ್ತಾರೆ.

ಮಹಡಿ ಮನೆ: ಇಷ್ಟೆಲ್ಲ ಈಗಲೇ ಯಾಕೆ?

ಅಡ್ಮಿನ್: ಚರಂಡಿ ನೋಡಬೇಕಾದವರು ಕಾರ್ಪೊರೇಟರ್. ಪಾಲಿಕೆಗೆ ನಾವು ಓಟು ಹಾಕಿದ್ದು 2015ರ ಆಗಸ್ಟಿನಲ್ಲಿ. ಅವರ ಅವಧಿ 2020ರ ಸೆಪ್ಟೆಂಬರಿಗೆ ಮುಗಿಯಿತು. ಆಮೇಲೆ 2025ರಲ್ಲಿ ಒಂದು ಪಾಲಿಕೆ ಐದಾಯಿತು, ವಾರ್ಡುಗಳೂ ಬದಲಾದವು. ಪಾಲಿಕೆ ಚುನಾವಣೆಗೂ ವಿಧಾನಸಭೆಯ ಪಟ್ಟಿಯನ್ನೇ ವಾರ್ಡುವಾರು ವಿಂಗಡಿಸಿ ಬಳಸುತ್ತಾರೆ. ವಾರ್ಡ್ ಚಿಕ್ಕದು, ಅಂತರವೂ ಚಿಕ್ಕದು. ನಮ್ಮ ನಾಲ್ಕು ಕ್ರಾಸಿನ ಓಟು ಅಲ್ಲಿ ನಿಜವಾಗಿ ಲೆಕ್ಕಕ್ಕೆ ಬರುತ್ತದೆ. ಮತ್ತೆ ಯಾರಾದರೂ ನಗುತ್ತಾ ಆ ಮಾತು ಹೇಳುವ ಮುಂಚೆ ನಾವು ತಯಾರಿರಬೇಕು.

ಮಹಡಿ ಮನೆ: ಸರಿ. ಲ್ಯಾಪ್‌ಟಾಪ್ ನಾನು ತರ್ತೀನಿ. ಪಟ್ಟಿ ಡೌನ್‌ಲೋಡ್ ಮಾಡಿ ಕ್ರಾಸ್ ಪ್ರಕಾರ ಪ್ರಿಂಟ್ ತೆಗೆಸ್ತೀನಿ. ಎಂಬತ್ತೈದು ದಾಟಿದವರು ಮನೆಯಿಂದಲೇ ಹಾಕಬಹುದು ಅಂತ ಲೋಕಸಭೆ ಸಲ ಕೇಳಿದ್ದೆ. ನಮ್ಮ ಕೆಳಗಿನ ಅಜ್ಜಿಗೆ ಕೇಳಿ ನೋಡಿ ಮೇಷ್ಟ್ರೇ.

ಮೇಷ್ಟ್ರು: ಲೋಕಸಭೆಗೆ ಇತ್ತು, ನಮೂನೆ 12ಡಿ. ಪಾಲಿಕೆಗೆ ಇರುತ್ತದೋ ಇಲ್ಲವೋ, ವಿಚಾರಿಸಿ ಭಾನುವಾರ ಹೇಳುತ್ತೇನೆ.

ಔಷಧಿ ಅಂಗಡಿ: ಜೆರಾಕ್ಸ್ ನನ್ನ ಅಂಗಡಿಯಲ್ಲಿ. ಅವತ್ತಿನ ಮಟ್ಟಿಗೆ ದುಡ್ಡಿಲ್ಲ.

ಸುಮಾ ಆಂಟಿ: ಮಾವನವರ ಮರಣ ಪತ್ರ ಲ್ಯಾಮಿನೇಷನ್ ಮಾಡಿಸಿ ಇಟ್ಟಿದ್ದೀವಿ. ಅದನ್ನು ಬಿಚ್ಚಬೇಕಾ?

ಮೇಷ್ಟ್ರು: ಬೇಡ ಕಣಮ್ಮ. ಹಾಗೇ ತನ್ನಿ.