‘ವಾಟ’ ಎಲ್ಲಿಂದ ಬಂತು? ಬಚ್ಚಲು ಕಟ್ಟಿಸುವಾಗ ಸಿಕ್ಕ ಮಾತುಗಳು

ಎಲ್ಲರಿಗೂ ನಮಸ್ಕಾರ,

ಶಿರಸಿ ಹತ್ತಿರದ ನಮ್ಮ ಹಳೇ ಮನೆಯ ಬಚ್ಚಲು ಒಡೆದು ಹೊಸದಾಗಿ ಕಟ್ಟಿಸುತ್ತಿದ್ದೇವೆ. ಆಯಿಗೆ (ಅಮ್ಮನಿಗೆ) 78 ವರ್ಷ, ಮಂಡಿ ನೋವು, ವಾಕರ್ ಹಿಡಿದು ಓಡಾಡುತ್ತಾಳೆ. ಹಳೇ ಬಚ್ಚಲು ಒಳಗಿನ ನೆಲಕ್ಕಿಂತ ಒಂದು ಮೆಟ್ಟಿಲು ಕೆಳಗಿತ್ತು. ಒಂದು ಮೂಲೆಯಲ್ಲಿ ಹಂಡೆ, ಒಲೆ, ಎದುರಿಗೆ ಮೀಯುವ ಕಲ್ಲು, ಮಳೆಗಾಲ ಬಂತೆಂದರೆ ಆ ಕಲ್ಲಿನ ಮೇಲೆ ಹಾವಸೆ ಕಟ್ಟುತ್ತಿತ್ತು. ‘ಬಚ್ಚಲಿಗೆ ಇಳಿಯಲೇ ಹೆದ್ರಿಕೆ ಆಗ್ತು’ ಎಂದು ಆಯಿ ಹೋದ ವರ್ಷದಿಂದ ಹೇಳುತ್ತಿದ್ದಳು. ಇಲ್ಲಿ ‘ಹೋಗಲು’ ಅಲ್ಲ, ‘ಇಳಿಯಲು’. ಅಡುಗೆಮನೆಗೆ ಹೋಗುತ್ತೇವೆ, ಬಚ್ಚಲಿಗೆ ಇಳಿಯುತ್ತೇವೆ. ಆ ಇಳಿಯುವುದನ್ನೇ ತೆಗೆದು ಹಾಕಬೇಕು, ವಾಕರ್ ಸೀದಾ ಒಳಗೆ ಹೋಗಬೇಕು ಅನ್ನುವುದೇ ಈ ಕೆಲಸದ ಮುಖ್ಯ ಉದ್ದೇಶ.

ಮೊದಲ ದಿನ ಮೇಸ್ತ್ರಿಗೆ ಒಂದು ಚೀಟಿ ಬರೆದುಕೊಟ್ಟೆ. ‘ನೆಲಕ್ಕೆ ಸ್ವಲ್ಪ ಇಳಿಜಾರು ಇರಲಿ’ ಎಂದು ಬರೆದಿದ್ದೆ. ಅವರು ಕುಮಟಾ ಕಡೆಯವರು. ಓದಿ, ‘ಜಾರೂದು ಬೇಡ ಅಂತ ಅಲ್ವಾ ಈ ಕೆಲಸ ಮಾಡ್ಸೂದು? ವಾಟ ಅಂತ ಬರೀರಿ’ ಅಂದರು. ಅವತ್ತಿನಿಂದ ಈ ಪದ ತಲೆಯಲ್ಲಿ ಕೂತುಬಿಟ್ಟಿದೆ.

ವಾಟ ಅಂದರೆ ನೀರು ತಾನಾಗಿ ಹರಿದು ಹೋಗಲು ನೆಲಕ್ಕೆ ಕೊಡುವ ಓರೆ. ಬಚ್ಚಲಿಗೆ 80ಕ್ಕೆ 1ರಷ್ಟು ಇದ್ದರೆ ಸಾಕು, ಅಂದರೆ 4 ಅಡಿ ಉದ್ದಕ್ಕೆ ಸುಮಾರು 15 ಮಿಲಿಮೀಟರ್. ಕಣ್ಣಿಗೆ ಕಾಣುವುದಿಲ್ಲ, ಕಾಲಿಗೆ ತಿಳಿಯುವುದಿಲ್ಲ, ನೀರಿಗೆ ಮಾತ್ರ ಗೊತ್ತಾಗುತ್ತದೆ. ‘ವಾಟ ಸರಿ ಕೊಟ್ರೆ ಕಟ್ಟೆ ಎಂತಕ್ಕೆ?’ ಎಂದು ಮೇಸ್ತ್ರಿ ಕೇಳಿದರು. ಬಾಗಿಲಲ್ಲಿ ಅಡ್ಡ ಕಟ್ಟೆ ಕಟ್ಟುವುದು ನೀರು ಹೊರಗೆ ಬರಬಾರದು ಅಂತ. ಬಾಗಿಲಿನಿಂದ ಆ ತುದಿಯ ಗೋಡೆಯತ್ತ ವಾಟ ಇದ್ದರೆ ನೀರು ಹೊರಗೆ ಬರುವುದೇ ಇಲ್ಲ.

ಟೈಲ್ಸಿನ ಅಳತೆಗೂ ವಾಟಕ್ಕೂ ನಂಟು ಇದೆ ಎಂದು ಈಗ ತಿಳಿಯಿತು. ನಡುವೆ ನೀರು ಇಳಿಯುವ ಒಂದು ಜಾಲಿ ಇಟ್ಟರೆ ‘ನಾಲ್ಕೂ ಕಡೆ ವಾಟ’ ಬೇಕು. ಆಗ ಟೈಲ್ಸ್ ಚಿಕ್ಕದಿರಬೇಕು, ದೊಡ್ಡದಾದರೆ ಮೂಲೆಯಿಂದ ಮೂಲೆಗೆ ಕತ್ತರಿಸಬೇಕಾಗುತ್ತದೆ. ಗೋಡೆಯ ಬುಡದಲ್ಲಿ ಉದ್ದ ಜಾಲಿ ಇಟ್ಟರೆ ‘ಒಂದೇ ಕಡೆ ವಾಟ’ ಸಾಕು, ದೊಡ್ಡ ಟೈಲ್ಸೂ ಚಂದ ಕೂರುತ್ತದೆ. ಚಿಕ್ಕ ಟೈಲ್ಸಿಗೆ ಸಂದು ಜಾಸ್ತಿ, ಹಾಗಾಗಿ ಕಾಲಿಗೆ ಹಿಡಿತವೂ ಜಾಸ್ತಿ. ನಾವು ಚಿಕ್ಕದನ್ನೇ ಆರಿಸಿದೆವು. ನೆಲಕ್ಕೆ ಕಡು ಬೂದು, ಗೋಡೆಗೆ ಕೆನೆ ಬಣ್ಣ. ನೆಲ ಎಲ್ಲಿ ಮುಗಿಯುತ್ತದೆ, ಗೋಡೆ ಎಲ್ಲಿ ಶುರು ಎಂದು ಆಯಿಯ ಮಂಜುಗಣ್ಣಿಗೆ ಕಾಣಬೇಕಲ್ಲ. ನೋಡಲೂ ಚಂದವಾಗಿದೆ.

ಟೈಲ್ಸ್ ಕೂರಿಸಿದ ಮೇಲೆ ಮೇಸ್ತ್ರಿ ಒಂದು ಚೆಂಬು ನೀರು ಬಾಗಿಲ ಹತ್ತಿರ ಚೆಲ್ಲಿ ಕುಕ್ಕರಗಾಲಲ್ಲಿ ಕೂತರು. ನೀರು ಸಂದುಗಳಲ್ಲಿ ಹರಿದು ಜಾಲಿ ಸೇರಿತು. ಕಮೋಡಿನ ಪಕ್ಕದಲ್ಲಿ ಮಾತ್ರ ಬಸಿಯಷ್ಟು ಅಗಲಕ್ಕೆ ನಿಂತೇ ಇತ್ತು. ಅದರ ಮೇಲೆ ಬೆರಳಿಟ್ಟು ‘ಇಲ್ಲಿ ವಾಟ ಸತ್ತದೆ’ ಅಂದರು. ಆ ಜಾಗದ ನಾಲ್ಕು ಟೈಲ್ಸ್ ಕಿತ್ತು ಮತ್ತೆ ಕೂರಿಸಿದರು.

ಈಗ ನನ್ನ ಪ್ರಶ್ನೆ. ಈ ‘ವಾಟ’ದ ಮೂಲ ಯಾವುದು? ನನಗೆ ಎರಡು ದಾರಿ ಕಾಣುತ್ತದೆ. ಒಂದು, ‘ಓಟ’. ಓಲಗ ವಾಲಗ ಆಯಿತು, ಓಲೆ ವಾಲೆ ಆಯಿತು, ಓರೆ ವಾರೆ ಆಯಿತು, ಹಾಗೇ ಓಟ ವಾಟ ಆಗಿರಬಹುದಲ್ವಾ? ನೀರಿನ ಓಟ ಅಂದರೆ ಅರ್ಥವೂ ಕೂಡುತ್ತದೆ. ಇನ್ನೊಂದು, ‘ವಾಲು’. ಒಂದು ಕಡೆಗೆ ವಾಲಿದ ನೆಲ ವಾಟ. ನನಗೆ ಓಟದ ಕಡೆಗೇ ಒಲವು, ಯಾಕೆಂದರೆ ವಾಲಿದ ಕಂಬಕ್ಕೆ, ವಾಲಿದ ಗೋಡೆಗೆ ಯಾರೂ ವಾಟ ಅನ್ನುವುದಿಲ್ಲ. ನೀರಿದ್ದಲ್ಲಿ ಮಾತ್ರ ಈ ಪದ ಬರುತ್ತದೆ. (ನಮ್ಮ ಕಡೆಯ ವಾಟೆಹುಳಿಗೂ ಇದಕ್ಕೂ ಸಂಬಂಧ ಇಲ್ಲ, ಅದು ಮರ.) ಕಾರವಾರದಲ್ಲಿರುವ ನನ್ನ ಭಾವ ಅಲ್ಲಿನ ಕೆಲಸದವರ ಬಾಯಲ್ಲಿ ‘ಢಾಳ’ ಕೇಳಿದ್ದಾನಂತೆ. ಅದು ಮರಾಠಿಯ ಮಾತು, ಅರ್ಥ ಇದೇ. ಅಂಕೋಲಾ, ಹೊನ್ನಾವರ, ಭಟ್ಕಳದವರು ಏನನ್ನುತ್ತೀರಿ?

ಇನ್ನೂ ಎರಡು ಮಾತು. ಟೈಲ್ಸ್ ಅಂಗಡಿಯವರು ‘ಮ್ಯಾಟ್’, ‘ಆಂಟಿ ಸ್ಕಿಡ್’ ಎರಡನ್ನೂ ಒಂದೇ ಎಂಬಂತೆ ಮಾರುತ್ತಾರೆ. ಅವು ಒಂದೇ ಅಲ್ಲ. ಮ್ಯಾಟ್ ಅಂದರೆ ಹೊಳಪಿಲ್ಲದ್ದು ಅಷ್ಟೇ, ಸೋಪಿನ ನೀರು ಬಿದ್ದರೆ ಅದೂ ಜಾರಬಹುದು. ಡಬ್ಬದ ಮೇಲೆ ಆರ್ 10, ಆರ್ 11 ಎಂದು ಬರೆದಿದ್ದರೆ ಅದು ಜಾರದಿರುವ ಅಳತೆ, ಅಂಕಿ ಹೆಚ್ಚಾದಷ್ಟೂ ಹಿಡಿತ ಹೆಚ್ಚು. ನಮ್ಮ ಮೇಸ್ತ್ರಿ ಮ್ಯಾಟಿಗೆ ‘ಮಂಕು’, ಆಂಟಿ ಸ್ಕಿಡ್ಡಿಗೆ ‘ತರಿ’ ಅನ್ನುತ್ತಾರೆ. ಅಂಗೈ ಸವರಿದರೆ ರವೆಯ ತರಿಯಂತೆ ಸಿಗಬೇಕು. ಎಷ್ಟು ಸರಿಯಾದ ಪದ! ಒರಟು ಅನ್ನುವುದಕ್ಕಿಂತ ನನಗೆ ಇದೇ ಇಷ್ಟ.

ಕಮೋಡಿನ ಪಕ್ಕ ಗೋಡೆಗೆ ಹಾಕುವ, ಹಿಡಿದು ಏಳುವ ಸ್ಟೀಲ್ ಸರಳಿಗೆ ಏನನ್ನೋಣ? ಹಿಡಿಕೆ ಅಂದರೆ ಬಾಗಿಲಿನದು ಅನ್ನಿಸುತ್ತದೆ. ‘ಕೈಪಿಡಿ’ ಸರಿಯಾಗಿ ಹೊಂದುತ್ತಿತ್ತು, ಆದರೆ ಅದನ್ನು ಪುಸ್ತಕಗಳು ತೆಗೆದುಕೊಂಡಿವೆ. ಅಂಗವಿಕಲರು ಎಲ್ಲ ಕಡೆ ಸಲೀಸಾಗಿ ಹೋಗಿಬರುವಂತಾಗಲಿ ಎಂದು ಸರ್ಕಾರ 2015ರಲ್ಲಿ ‘ಸುಗಮ್ಯ ಭಾರತ’ ಶುರುಮಾಡಿದ ಮೇಲೆ ಸುಗಮ್ಯ ಅನ್ನುವ ಪದ ಕಾಗದಪತ್ರದಲ್ಲಿ ಓಡಾಡುತ್ತಿದೆ, ಆದರೆ ‘ಸುಗಮ್ಯ ಬಚ್ಚಲು’ ಅಂದರೆ ಆಯಿಗೂ ತಿಳಿಯದು, ಮೇಸ್ತ್ರಿಗೂ ತಿಳಿಯದು. ಸರಳಿಗೆ ಆಯಿ ‘ಆಸರೆ’ ಅನ್ನುತ್ತಿದ್ದಾಳೆ. ‘ಆಸರೆ ಎಲ್ಲಿ ಹಾಕ್ತ?’ ಎಂದು ದಿನಾ ಕೇಳುತ್ತಾಳೆ. ನಮ್ಮದು ಚಿರೇಕಲ್ಲಿನ (ಜಂಬಿಟ್ಟಿಗೆಯ) ಗೋಡೆ, ಸಣ್ಣ ಸ್ಕ್ರೂ ನಿಲ್ಲುವುದಿಲ್ಲ. ಆ ಜಾಗದಲ್ಲಿ ಕಲ್ಲು ತೆಗೆದು ಕಾಂಕ್ರೀಟ್ ತುಂಬಿಸಿದ್ದೇವೆ.

ಮುಂದಿನ ವಾರ ಅಂಗಳದಿಂದ ಜಗಲಿಗೆ ರ್‍ಯಾಂಪ್ ಮಾಡಿಸಬೇಕು. 12ಕ್ಕೆ 1 ಇರಲಿ, ‘12 ಅಡಿಗೆ ಒಂದಡಿ ವಾಟ’ ಎಂದು ಚೀಟಿಯಲ್ಲಿ ಬರೆದೆ. ಮೇಸ್ತ್ರಿ ಮತ್ತೆ ತಿದ್ದಿದರು. ‘ಅದು ವಾಟ ಅಲ್ಲ, ಏರು. ವಾಟ ನೀರಿಗೆ, ಏರು ಮನುಷ್ಯರಿಗೆ.’ ನಿಮ್ಮೂರಲ್ಲಿ ನೀರಿಲ್ಲದ ಕಡೆ, ದಾರಿಗೋ ಗದ್ದೆಗೋ ಮಾಡಿಗೋ ‘ವಾಟ’ ಬಳಸುವವರು ಇದ್ದಾರಾ? ಇದ್ದರೆ ಪೂರ್ತಿ ವಾಕ್ಯವನ್ನೇ ಕೇಳಿದ ಹಾಗೆ ಬರೆದು ಕಳಿಸಿ.