ದನಿ ಕಟ್ಟಿ ಐದು ವಾರ: ಆಪರೇಷನ್ ಬೇಕೇ?

ಪ್ರಶ್ನೆ, ಹಾಸನ:
ಪ್ರೈಮರಿ ಶಾಲೆ ಶಿಕ್ಷಕಿ, ವಯಸ್ಸು 38. ದನಿ ಬೆಳಿಗ್ಗೆ ಪರವಾಗಿಲ್ಲ, ಸಂಜೆಗೆ ಪೂರ್ತಿ ಕಟ್ಟುತ್ತದೆ. ಜ್ವರ, ನೋವು ಇಲ್ಲ. ಎರಡು ಸಲ ಆಂಟಿಬಯೋಟಿಕ್ ಆಯಿತು. ಮುಂದೇನು?

ಉತ್ತರ 1:
ಮೂರು-ನಾಲ್ಕು ವಾರ ದಾಟಿದ ಮೇಲೆ ಸ್ವರತಂತುಗಳನ್ನು ನೋಡಲೇಬೇಕು ಮೇಡಂ. ಹಿಮ್ಸ್‌ನ (ನಿಮ್ಮ ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ) ಇಎನ್‌ಟಿ, ಅಂದರೆ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ಲ್ಯಾರಿಂಗೋಸ್ಕೋಪಿ ಬಗ್ಗೆ ಕೇಳಿ. ಮೂಗಿನಿಂದ ತೆಳು ಕೊಳವೆ ಇಳಿಸಿ “ಈ” ಅನ್ನಿಸಿ ನೋಡುತ್ತಾರೆ, ಕೆಲವೇ ನಿಮಿಷದ ಕೆಲಸ. ಈ ಲಕ್ಷಣಕ್ಕೆ ಮೊದಲ ಅನುಮಾನ ನಾಡ್ಯೂಲ್, ಅಂದರೆ ತಂತುಗಳ ಮೇಲಿನ ಗಂಟು. ಹೆಂಗಸರ ದನಿಯಲ್ಲಿ ತಂತುಗಳು ಸೆಕೆಂಡಿಗೆ ಸುಮಾರು 200 ಸಲ ಕೂಡಿ ಬಿಡುತ್ತವೆ. ಕೂಗಿದಾಗ ಪೆಟ್ಟು ಹೆಚ್ಚು ಬೀಳುವುದು ತಂತುವಿನ ಮುಂದಿನ ಮೂರನೇ ಒಂದು ಭಾಗ ಮುಗಿಯುವಲ್ಲಿ, ಗಂಟು ಎರಡೂ ಕಡೆ ಎದುರುಬದುರಾಗಿ ಅಲ್ಲೇ ಕಟ್ಟುತ್ತದೆ. ಸೋಂಕಲ್ಲ, ಆಂಟಿಬಯೋಟಿಕ್ ದಂಡ.

ಉತ್ತರ 2:
ಗಂಟೇ ಆಗಿದ್ದರೆ ಮೊದಲು ವಾಯ್ಸ್ ಥೆರಪಿ, ಅಂದರೆ ದನಿ ಬಳಸುವ ರೀತಿ ತಿದ್ದುವ ತರಬೇತಿ. ಆಪರೇಷನ್‌ನಲ್ಲಿ ತೆಗೆಸಿ ಮತ್ತೆ ಹಾಗೇ ಕೂಗಿದರೆ ಮತ್ತೆ ಬರುತ್ತದೆ. ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಇದಕ್ಕೆ ಒಳ್ಳೆಯ ಜಾಗ. ಅಲ್ಲಿಯವರೆಗೆ: ಅರ್ಧ ಲೋಟ ನೀರಿನಲ್ಲಿ ಸ್ಟ್ರಾ ಎರಡು ಸೆಂಟಿಮೀಟರ್ ಮುಳುಗಿಸಿ “ಊ” ಎನ್ನುತ್ತಾ ಗುಳ್ಳೆ ಬಿಡಿ, ಒಂದು ಸಲಕ್ಕೆ ಮೂರು ನಿಮಿಷ, ದಿನಕ್ಕೆ ನಾಲ್ಕೈದು ಸಲ. ಗುಳ್ಳೆ ತಡೆತಡೆದು ಬಂದರೆ ಗಂಟಲು ಬಿಗಿಹಿಡಿದಿದ್ದೀರಿ ಅಥವಾ ಉಸಿರು ಸಾಲುತ್ತಿಲ್ಲ. ಪಿಸುಮಾತು, ಕ್ಯಾಕರಿಸುವುದು ಬೇಡ, ಇವೆರಡರಿಂದಲೂ ತಂತುಗಳಿಗೆ ಹೊರೆ. ತರಗತಿಗೆ ಸಣ್ಣ ಮೈಕ್ ಇಟ್ಟುಕೊಳ್ಳಿ.

ಉತ್ತರ 3, ಚಿಕ್ಕಮಗಳೂರು:
ಒಂದು ಸೇರ್ಪಡೆ. ಎಡ ತಂತು ಅಲುಗಾಡುತ್ತಿಲ್ಲ ಎಂದು ಬಂದರೆ ಎದೆಯ ಸ್ಕ್ಯಾನ್ ಬಿಡಬೇಡಿ, ಅದರ ನರ ಎದೆಗಿಳಿದು ಮಹಾಪಧಮನಿಯನ್ನು (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ) ಬಳಸಿ ಮೇಲೆ ಬರುತ್ತದೆ, ಹಾಗಾಗಿ ತೊಂದರೆ ಎದೆಯಲ್ಲೂ ಇರಬಹುದು. ಕಫದಲ್ಲಿ ರಕ್ತ, ಕತ್ತಿನಲ್ಲಿ ಗಡ್ಡೆ, ನುಂಗಲು ಕಷ್ಟ ಇದ್ದರೆ ತಡ ಮಾಡಬೇಡಿ. ಉಸಿರೆಳೆದಾಗ ಸೀಟಿಯಂಥ ಸದ್ದು ಬಂದರೆ ನೇರ ಎಮರ್ಜೆನ್ಸಿಗೆ.